ಬ್ರೇವ್‌ಸ್ಟಾರ್: ಸಿನಿಮಾ ಮೊದಲಾ, ಸರಣಿ ಮೊದಲಾ?

ಒಂದು ಸಹಾಯ ಬೇಕಿತ್ತು. ಮಗನಿಗೆ ಫಿಲ್ಮೇಷನ್‌ನವರ ಹಳೇ ಕಾರ್ಟೂನ್ ಬ್ರೇವ್‌ಸ್ಟಾರ್ ತೋರಿಸುತ್ತಿದ್ದೇನೆ. ನಾಯಕ ಬ್ರೇವ್‌ಸ್ಟಾರ್ ನ್ಯೂ ಟೆಕ್ಸಾಸ್ ಗ್ರಹದ ಮಾರ್ಷಲ್, ಅಂದರೆ ಪೊಲೀಸ್ ಅಧಿಕಾರಿ. ಅವನಿಗೆ ಗಿಡುಗದ ಕಣ್ಣು, ತೋಳದ ಕಿವಿ, ಕರಡಿಯ ಬಲ, ಪೂಮಾದ ವೇಗ. ಎರಡು ಕಾಲ ಮೇಲೆ ನಿಂತು ಬಂದೂಕು ಹಿಡಿಯುವ ಕುದುರೆ ಥರ್ಟಿ ಥರ್ಟಿ ಅಂದರೆ ನನಗೇ ಜಾಸ್ತಿ ಇಷ್ಟ ಬಿಡಿ!

ಸಮಸ್ಯೆ ಏನಂದ್ರೆ, ಸರಣಿ ಶುರುವಾಗಿದ್ದು 1987ರಲ್ಲಿ. ಬ್ರೇವ್‌ಸ್ಟಾರ್ ಆ ಗ್ರಹಕ್ಕೆ ಬಂದ ಕಥೆ ಇರುವುದು 1988ರ ಸಿನಿಮಾದಲ್ಲಿ. ಸುಮ್ನೆ ಒಂದು ಕಂತು ಹಾಕಿದೆ. "ಇವನ್ಯಾರು? ಕುದುರೆ ಯಾಕೆ ಮಾತಾಡುತ್ತೆ?" ಅಂತ ಪ್ರಶ್ನೆಗಳ ಸುರಿಮಳೆ. ನೆಟ್‌ನಲ್ಲಿ ಹುಡುಕಿದರೂ ಗೊಂದಲ ಹೋಗಲಿಲ್ಲ. ಒಟ್ಟು 65 ಕಂತು ಬೇರೆ. ಮಾದಕ ವಸ್ತುವಿನಿಂದ ಹುಡುಗ ಸಾಯುವ ಕಂತನ್ನು ಜೊತೆಗೆ ಕೂತೇ ತೋರಿಸುತ್ತೇನೆ, ಅದು ಬಿಡಿ.

ನೋಡಿದವರು ಹೇಳಿ, ಸಿನಿಮಾ ಮೊದಲು ತೋರಿಸಿದರೆ ಸರಣಿಯ ಮಜಾ ಕೆಡುತ್ತಾ?