ಸಮುರಾಯ್ ಕವಚದಲ್ಲಿ ರೇಷ್ಮೆ ಹುರಿಯ ಕೆಲಸವೇನು?

ಪ್ರಶ್ನೆ: ಜಪಾನಿನ ಸಮುರಾಯ್ ಯೋಧರ ಕವಚಗಳಲ್ಲಿ ಕಬ್ಬಿಣಕ್ಕಿಂತ ಬಣ್ಣದ ರೇಷ್ಮೆ ಹುರಿಗಳೇ ಎದ್ದು ಕಾಣುತ್ತವೆ. ಅವು ಬರಿಯ ಅಲಂಕಾರವೇ? ಯುದ್ಧಗಳು ನಿಂತ ಮೇಲೂ ಇಂಥ ಕವಚಗಳನ್ನು ಏಕೆ ಮಾಡಿಸುತ್ತಿದ್ದರು?

ಉತ್ತರ 1: ಕವಚವನ್ನು ಹಿಡಿದಿಡುವುದೇ ಆ ಹುರಿ. ಹೇಯಾನ್ ಕಾಲದ (794–1185) ‘ಓ-ಯೊರೊಯ್’ ಎಂಬ ಕವಚಕ್ಕೆ ಕಬ್ಬಿಣದ ಮತ್ತು ಚರ್ಮದ ಸಣ್ಣ ಬಿಲ್ಲೆಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಸಾಲಾಗಿ ಕಟ್ಟಿ, ತೇವ ತಾಗದಂತೆ ಉರುಷಿ ಮರದ ರಸದಿಂದಾದ ಮೆರುಗೆಣ್ಣೆಯನ್ನು ಪದರ ಪದರವಾಗಿ ಬಳಿದು, ಆಮೇಲೆ ಆ ಸಾಲುಗಳನ್ನು ಹುರಿಯಿಂದ ಒಂದರ ಕೆಳಗೊಂದು ಪೋಣಿಸುತ್ತಿದ್ದರು. ತೋಳು, ತೊಡೆಗಳ ಭಾಗ ಸರಾಗವಾಗಿ ಅಲುಗಾಡುತ್ತಿದ್ದುದು ಇದರಿಂದಲೇ. ನನ್ನ ಮಟ್ಟಿಗೆ ಕತ್ತಿಗಿಂತ ಇದೇ ಹೆಚ್ಚು ಸೂಕ್ಷ್ಮವಾದ ಕಸುಬು.

ಉತ್ತರ 2: ಒಂದು ಮಾತು ಸೇರಿಸಬೇಕು. ಮಳೆಯಲ್ಲಿ ಹುರಿ ನೀರು ಕುಡಿದು ಭಾರವಾಗುತ್ತಿತ್ತು, ಬೇಗ ಒಣಗುತ್ತಿರಲಿಲ್ಲ. 1543ರಲ್ಲಿ ಪೋರ್ಚುಗೀಸರ ಬಂದೂಕು ತನೆಗಾಷಿಮಾ ದ್ವೀಪಕ್ಕೆ ಬಂದ ಬಳಿಕ ದೊಡ್ಡ ಕಬ್ಬಿಣದ ತಗಡುಗಳ, ಕಡಿಮೆ ಹುರಿಯ ‘ತೋಸೆಯ್ ಗುಸೋಕು’ ಎಂಬ ಕವಚದ ಬಳಕೆ ಹೆಚ್ಚಿತು. ಎದೋ ಕಾಲದ (1603–1868) ಶಾಂತಿಯಲ್ಲಿ ಹಳೆಯ ಆಡಂಬರದ ಶೈಲಿ ಮರಳಿ ಬಂದಿತು, ಏಕೆಂದರೆ ಆಗ ಕವಚ ಅಂತಸ್ತಿನ ಗುರುತಾಗಿತ್ತು.

ಉತ್ತರ 3: ಕವಚ ರಾಜತಾಂತ್ರಿಕ ಉಡುಗೊರೆಯೂ ಆಗಿತ್ತು, 1613ರಲ್ಲಿ ಷೋಗನ್ (ಜಪಾನಿನ ಸೇನಾಡಳಿತದ ಮುಖ್ಯಸ್ಥ) ತೊಕುಗಾವಾ ಹಿದೆತಾದಾ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ಗೆ ಕವಚಗಳನ್ನು ಕಳುಹಿಸಿದ್ದನು. ಇಂದಿಗೂ ಮೇ 5ರ ಹಬ್ಬಕ್ಕೆ ಗಂಡುಮಕ್ಕಳಿರುವ ಮನೆಗಳಲ್ಲಿ ಪುಟ್ಟ ಕವಚ, ಶಿರಸ್ತ್ರಾಣಗಳನ್ನು ಮಕ್ಕಳ ರಕ್ಷೆಗೆಂದು ಅಲಂಕರಿಸಿ ಇಡುತ್ತಾರೆ. ಫುಕುಷಿಮಾ ಪ್ರಾಂತದ ಸೋಮಾ ನೊಮಾಓಯ್ ಉತ್ಸವದಲ್ಲಂತೂ ಸವಾರರು ಕವಚ ತೊಟ್ಟೇ ಕುದುರೆ ಓಡಿಸುತ್ತಾರೆ.