ಜಯನಗರದಿಂದ ಬೆಳ್ಳಂದೂರಿಗೆ ದಿನಾ ಸೈಕಲ್: ಅನುಭವ ಇರೋರು ಹೇಳಿ

ಹೊಸ ಹೈಬ್ರಿಡ್:
ನಮಸ್ಕಾರ. ಜಯನಗರ 9ನೇ ಬ್ಲಾಕಿಂದ ಬೆಳ್ಳಂದೂರಿನ ಆಫೀಸಿಗೆ ಸೈಕಲ್‌ನಲ್ಲಿ ಹೋಗಿಬರೋಣ ಅಂತ ಶುರು ಮಾಡಿದೀನಿ. ಮೊನ್ನೆ ಸಿಲ್ಕ್ ಬೋರ್ಡ್ ದಾಟಿದ ಮೇಲೆ ಒಬ್ಬ ಕ್ಯಾಬಿನವನು ಉದ್ದಕ್ಕೂ ಹಾರ್ನ್ ಹೊಡ್ಕೊಂಡು ಬಂದು, ಕಿಟಕಿ ಇಳಿಸಿ ಬೈದು, ಎಡಕ್ಕೆ ಒತ್ತಿಬಿಟ್ಟ. ಮೋರಿ ಕಲ್ಲಿಗೆ ತಾಗೋದು ಸ್ವಲ್ಪದರಲ್ಲಿ ತಪ್ಪಿತು. ಮನೇಲಿ ಬೇಡವೇ ಬೇಡ ಅಂತಿದಾರೆ. ಪೂರ್ತಿ ಎಡಕ್ಕೆ ಅಂಟ್ಕೊಂಡು ಹೋಗಬೇಕಾ, ಲೇನ್ ಮಧ್ಯ ಹಿಡೀಬೇಕಾ? ಹೆಲ್ಮೆಟ್ ಕ್ಯಾಮೆರಾ ಹಾಕಿಸಿದರೆ ಪ್ರಯೋಜನ ಇದೆಯಾ?

ಪ್ಲೇಟ್ ಹಾಕಿಸ್ಕೊಂಡವನು:
ಎಡ, ಮಧ್ಯ ಆಮೇಲೆ ನೋಡೋಣ. ನನ್ನ ಕಥೆ ಕೇಳಿ. ನಾನು ಎಡಕ್ಕೆ ಅಂಟ್ಕೊಂಡೇ ಹೋಗ್ತಿದ್ದೆ. ನಿಂತಿದ್ದ ಕಾರಿನ ಹಿಂದಿನ ಸೀಟಿನ ಹುಡುಗ ಹಿಂದೆ ಮುಂದೆ ನೋಡದೆ ಡೋರ್ ತೆಗೆದ. ಬಲ ಕಾಲರ್ ಬೋನ್ ಎರಡು ತುಂಡು. ಆಪರೇಷನ್, ಪ್ಲೇಟು, ಸ್ಕ್ರೂ ಎಲ್ಲಾ ಸೇರಿ ಬಿಲ್ 1,86,400. ನನ್ನ ಹೆಲ್ತ್ ಇನ್ಶೂರೆನ್ಸ್ ಕೊಟ್ಟಿತು, ಆದರೆ ಗ್ಲೌಸು, ಸಿರಿಂಜು, ಡ್ರೇಪು ಅಂತ 14,300 ಕಡಿದು ಕೊಟ್ಟರು. ಫಿಸಿಯೋಥೆರಪಿ ಒಂದು ಸಲಕ್ಕೆ 600, ಅದು ಪಾಲಿಸಿಯಲ್ಲಿ ಇಲ್ವಂತೆ. ಸೈಕಲ್ಲಿಗೆ ಮುಂದಿನ ಫೋರ್ಕ್ 5,200, ರಿಮ್ ಮತ್ತು ಸ್ಪೋಕು 3,100, ಗೇರ್ ಹ್ಯಾಂಗರ್ 750.

ಕಾರಿನ ಓನರ್ ಆಸ್ಪತ್ರೆಗೇ ಬಂದು "5,000 ತಗೊಳ್ಳಿ ಸಾರ್, ಸ್ಟೇಷನ್ನು ಗೀಷನ್ನು ಯಾಕೆ" ಅಂದ. ಕ್ಯಾಶುವಾಲ್ಟಿಯಲ್ಲಿ ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ಹೋಗೋ ಮೆಡಿಕೋ ಲೀಗಲ್ ದಾಖಲೆ, ಬರೆಸಿದ್ದು ನನ್ನ ತಂಗಿ. ಅವಳಿಲ್ಲದಿದ್ದರೆ "ಸೈಕಲ್ಲಿಂದ ತಾನೇ ಬಿದ್ದ" ಅಂತ ಕೇಸ್‌ಶೀಟಲ್ಲಿ ಬರೀತಿದ್ರು, ಅಲ್ಲಿಗೆ ಮುಗೀತು. ಎಫ್‌ಐಆರ್ ಆಯಿತು, ಮಹಜರು ಆಯಿತು, ಸೈಕಲ್ ಮಾತ್ರ ಸ್ಟೇಷನ್ ಹಿಂದೆ ಮಳೆಯಲ್ಲಿ ನಿಂತು ಚೈನು, ಹಿಂದಿನ ಗೇರ್ ಚಕ್ರಗಳ ಕ್ಯಾಸೆಟ್ಟು ತುಕ್ಕು ಹಿಡೀತು. ಅದಕ್ಕೆ ಮತ್ತೆ 2,900.

ಈಗ ಸ್ಮಾಲ್ ಕಾಸಸ್ ಕೋರ್ಟಲ್ಲಿ ಪರಿಹಾರದ ಕ್ಲೇಮು ನಡೀತಿದೆ. ಕಾರಿನ ಇನ್ಶೂರೆನ್ಸ್ ವಕೀಲರ ವಾದ ಏನು ಗೊತ್ತಾ? "ಗಾಡಿ ನಿಂತಿತ್ತು, ಓಡ್ತಾನೇ ಇರಲಿಲ್ಲ, ಸೈಕಲ್ಲಿನವರೇ ಬಂದು ಡೋರಿಗೆ ಗುದ್ದಿದ್ದು." ಅಪಘಾತ ಆದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಅದನ್ನೂ ಯಾರೂ ಹೇಳಲ್ಲ. ಮೊದಲು ಈ ಕಾಗದ ಪತ್ರ ಕಲ್ತ್ಕೊಳ್ಳಿ, ಆಮೇಲೆ ಸೈಕಲ್ ತುಳೀರಿ.

ಬಿಳಿ ಕಾರಿನವನು:
ಎಲ್ಲರೂ ಕಾರಿನವರನ್ನೇ ಬೈತೀರಲ್ಲ, ನಂದೂ ಕೇಳಿ. ಸಿಗ್ನಲ್ಲಲ್ಲಿ ನಿಂತಿದ್ದೆ. ಎಡಗಡೆ ಸಂದಿಯಲ್ಲಿ ನುಗ್ಗಿದ ಒಬ್ಬ ಲೈಕ್ರಾ ವೀರ ಹ್ಯಾಂಡಲಿನಿಂದ ಮಿರರ್ ಮುರಿದು, ಬಾಗಿಲ ಮೇಲೆ ಉದ್ದಕ್ಕೆ ಗೀಚಿ, ಕೆಂಪು ದೀಪದಲ್ಲೇ ಹಾರಿ ಹೋದ. ಹಿಡಿಯೋದು ಹೇಗೆ? ನಂಬರ್ ಪ್ಲೇಟ್ ಇದೆಯಾ? ಮಿರರ್ 4,850. ಎರಡು ಡೋರಿಗೆ ಪೇಂಟು 7,400. ಒಟ್ಟು 12,250.

ಕ್ಲೇಮ್ ಮಾಡಿ ಅಂತೀರಾ? ನಾಲ್ಕು ವರ್ಷ ಕ್ಲೇಮ್ ಮಾಡದೆ 45% ನೋ ಕ್ಲೇಮ್ ಬೋನಸ್ಸಿಗೆ, ಅಂದ್ರೆ ಪ್ರೀಮಿಯಂ ರಿಯಾಯಿತಿಗೆ, ಬಂದಿದ್ದೆ. ಒಂದು ಕ್ಲೇಮ್ ಹಾಕಿದರೆ ಸೊನ್ನೆ. ಮತ್ತೆ 20, 25, 35 ಅಂತ ಹತ್ತಬೇಕು. ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ 9,200, ಅದರಲ್ಲಿ 45% ಅಂದ್ರೆ 4,140. ಮುಂದಿನ ವರ್ಷ 50% ಆಗ್ತಿತ್ತು, 4,600. ಹತ್ತೋ ಮೆಟ್ಟಿಲೆಲ್ಲಾ ಲೆಕ್ಕ ಹಾಕಿದರೆ ನಷ್ಟ ಹೆಚ್ಚುಕಮ್ಮಿ ರಿಪೇರಿಯಷ್ಟೇ. ಕೈಯಿಂದಲೇ ಕೊಟ್ಟೆ. ರೋಡ್ ಟ್ಯಾಕ್ಸ್ ನಂದು, ಇನ್ಶೂರೆನ್ಸ್ ನಂದು, ಮಿರರ್ರೂ ನಂದೇ.

ನಾಗರಬಾವಿ ಗೇರು:
ಅಲ್ಲಿ ಒಬ್ಬರ ಮೂಳೆ ಮುರಿದಿದೆ, ಇವರಿಗೆ ಮಿರರ್ ಚಿಂತೆ. ಸ್ವಾಮಿ, ಮಿರರ್ ಅಂಗಡಿಯಲ್ಲಿ ಸಿಗುತ್ತೆ.

ಬಿಳಿ ಕಾರಿನವನು:
ಮೂಳೆ ಮುರಿದವರಿಗೆ ನಾನು ಏನಾದ್ರೂ ಅಂದೆನಾ? ನನ್ನ 12,250 ನೀವು ಕೊಡ್ತೀರಾ ಹಾಗಿದ್ರೆ? ಭಾನುವಾರ ನಂದಿ ಬೆಟ್ಟದ ರಸ್ತೇಲಿ ಮೂರು ಜನ ಅಕ್ಕಪಕ್ಕ ಹರಟೆ ಹೊಡ್ಕೊಂಡು ಹೋಗೋರು ನಿಮ್ಮವರೇ ತಾನೆ? ಸೈಕಲ್ಲಿಗೂ ನಂಬರ್ ಕೊಡಿ, ಟ್ಯಾಕ್ಸ್ ಹಾಕಿ, ಆಮೇಲೆ ಹಕ್ಕಿನ ಮಾತಾಡಿ.

ಹಳೇ ಡೈನಮೋ:
ನಂಬರು, ಟ್ಯಾಕ್ಸು ಎರಡೂ ಇತ್ತಪ್ಪ ಒಂದು ಕಾಲಕ್ಕೆ. ನೀವು ಹುಟ್ಟಿರಲಿಲ್ಲ ಅಷ್ಟೆ. ಮುನಿಸಿಪಾಲಿಟಿಗೆ ವರ್ಷಾ ವರ್ಷಾ ದುಡ್ಡು ಕಟ್ಟಿ ಬಿಲ್ಲೆ ತಂದು ಸೈಕಲ್ಲಿಗೆ ಸಿಗಿಸಬೇಕಿತ್ತು. ರಾತ್ರಿ ಡೈನಮೋ ದೀಪ ಇಲ್ಲದಿದ್ದರೆ ಪೊಲೀಸರು ಹಿಡಿಯೋರು, ಡಬಲ್ ರೈಡ್ ಹೋದರೆ ಹಿಡಿಯೋರು, ಕೈಯಲ್ಲಿ ದುಡ್ಡಿಲ್ಲ ಅಂದರೆ ಎರಡೂ ಚಕ್ರದ ಗಾಳಿ ಬಿಟ್ಟು ಕಳಿಸೋರು. ನಾನು ಮಲ್ಲೇಶ್ವರದಿಂದ ಜಾಲಹಳ್ಳಿ ಕಡೆ ಕಾರ್ಖಾನೆಗೆ ಸೈಕಲ್ಲಲ್ಲೇ ಹೋಗಿ ರಿಟೈರ್ ಆದವನು. ಶಿಫ್ಟ್ ಬಿಟ್ಟರೆ ಗೇಟಿನಿಂದ ರಸ್ತೆ ತುಂಬಾ ಸೈಕಲ್ಲೇ. ಬಸ್ಸಿನವನೇ ನಿಂತು ಜಾಗ ಬಿಡೋನು, ಯಾಕಂದರೆ ನಾವು ಸಾವಿರಾರು ಜನ, ಅವನೊಬ್ಬ. ಕ್ಯಾಮೆರಾ ಗಿಮೆರಾ ಯಾರಿಗೂ ಬೇಕಾಗಿರಲಿಲ್ಲ.

ಹೊಸ ಹುಡುಗರು ಸೈಕಲ್ಲಿಗೆ 60 ಸಾವಿರ ಕೊಟ್ಟು ಬೆಲ್ ಹಾಕಿಸಲ್ಲ, ಮಡ್‌ಗಾರ್ಡ್ ಹಾಕಿಸಲ್ಲ, ಸ್ಟ್ಯಾಂಡ್ ಇಲ್ಲದೆ ಗೋಡೆಗೆ ಒರಗಿಸ್ತಾರೆ. ಅದು ಯಾವ ಸೀಮೆ ಸೈಕಲ್ಲು?

ನಾಗರಬಾವಿ ಗೇರು:
ಸಾರ್, ಆಗಿನ ಟ್ರಾಫಿಕ್ಕಿಗೂ ಈಗಿನದಕ್ಕೂ ಹೋಲಿಕೆ ಇದೆಯಾ? ಸ್ಟ್ಯಾಂಡಿನ ವಿಚಾರ ಇಲ್ಲಿ ಯಾಕೆ?

ಹಳೇ ಡೈನಮೋ:
ಬೆಲ್ ಹೊಡೆದರೆ ಜನ ದಾರಿ ಬಿಡ್ತಾರೆ. ಅದು ಟ್ರಾಫಿಕ್ ವಿಚಾರವೇ ಮಗು.

ಹಾವೇರಿ ಹುಡುಗ:
ನಾ ಹಾವೇರಿ ಕಡಿಯಾಂವ್ರಿ, ಬೆಂಗಳೂರಾಗ ಕ್ಯಾಬ್ ಹೊಡಿತೀನಿ. "ಕ್ಯಾಬಿನವನು ಬೈದ, ಕ್ಯಾಬಿನವನು ಒತ್ತಿದ" ಅಂತ ಬರದೀರಿ, ಒಪ್ಗೊಂಡೆ, ಅಂಥಾವ್ರೂ ಅದಾರ. ನನಗ ಆಗಿದ್ದು ಬ್ಯಾರೆ. ಎಡಕ್ಕ ಹೊರಳಾಕ ಇಂಡಿಕೇಟರ್ ಹಾಕಿ ನಿಧಾನ ಮಾಡೀನಿ, ಒಂದು ಹುಡುಗ ಸೈಕಲ್ ತಗೊಂಡು ಕಾರಿಗೂ ಫುಟ್‌ಪಾತಿಗೂ ನಡಕ ಬಂದ. ಮಿರರ್‌ನ್ಯಾಗ ಕಾಣಲಿಲ್ಲ. ಬಿದ್ದ, ಮೊಣಕಾಲು ತರಚಿತು, ಅಷ್ಟ. ಮಂದಿ ಕೂಡಿ ಕಾರಿನ ಗ್ಲಾಸ್ ಬಡದ್ರು, ಕೀ ಕಸಗೊಂಡ್ರು. ಸಣ್ಣ ಗಾಡಿ ಬಿತ್ತಂದ್ರ ತಪ್ಪು ದೊಡ್ಡ ಗಾಡಿದ ಅಂತ ಮಂದಿ ಆಗಲೇ ಜಡ್ಜ್‌ಮೆಂಟ್ ಕೊಟ್ಟಿರತಾರ.

ಕಾರು ಸ್ಟೇಷನ್ನಿನ್ಯಾಗ. ಆರ್‌ಟಿಓ ಇನ್‌ಸ್ಪೆಕ್ಟರ್ ಬಂದು ಬ್ರೇಕ್ ನೋಡಿ ರಿಪೋರ್ಟ್ ಕೊಡೂತನ ಬಿಡಂಗಿಲ್ಲ. ಕಂತು 16,400, ಅದು ನಿಲ್ಲತೈತೇನ್ರಿ? ದುಡಿಮಿ ಹೋತು, ವಕೀಲಗ 4,000, ಗ್ಲಾಸಿಗೆ 6,700, ಹುಡುಗನ ಡ್ರೆಸಿಂಗ್, ಎಕ್ಸ್‌ರೇ 1,850 ನಾನ ಕೊಟ್ಟೆ. ನಮ್ಮಪ್ಪ ಸೈಕಲ್ ಮ್ಯಾಲೆ ಹಾಲಿನ ಕ್ಯಾನ್ ಕಟಗೊಂಡು ಹಳ್ಳಿ ಹಳ್ಳಿ ತಿರುಗಿ ನನ್ನ ಓದಿಸ್ಯಾನ. ಸೈಕಲ್ ಅಂದ್ರ ನನಗ ಸಿಟ್ಟಿಲ್ಲ. ಹೊರಳೂ ಗಾಡಿ ಎಡಕ್ಕ ನುಗ್ಗಬ್ಯಾಡ್ರಿ, ಇಷ್ಟ.

ಸಂಜೆ ಆರು ಗಂಟೆ:
ಹಾವೇರಿಯವರು ಹೇಳಿದ್ದರಲ್ಲಿ ನಿಜ ಇದೆ, ಹೊರಳುವ ಗಾಡಿಯ ಎಡಕ್ಕೆ ಹೋಗಲೇಬಾರದು. ಆದರೆ ಇಲ್ಲಿ ಬರೆದಿರೋ ಗಂಡಸರು ಯಾರೂ ಹೇಳದ ಮಾತು: ಬೈಕಲ್ಲಿ ಬಂದು ಬೆನ್ನಿಗೆ ಹೊಡೆದು ಹೋಗ್ತಾರೆ. ಬೇಕಂತಲೇ. ನಾನು ಕತ್ತಲಾದ ಮೇಲೆ ಓಡಿಸೋದು ಬಿಟ್ಟಿದ್ದು ಕಾರಿಗೆ ಹೆದರಿ ಅಲ್ಲ.

ನಂದೂ ಬೆಳ್ಳಂದೂರೇ. 2020ರಲ್ಲಿ ಸಿಲ್ಕ್ ಬೋರ್ಡಿಂದ ಕೆ.ಆರ್. ಪುರದ ಕಡೆಗೆ ಔಟರ್ ರಿಂಗ್ ರೋಡಿನಲ್ಲಿ ಸುಮಾರು 17 ಕಿ.ಮೀ. ಪಾಪ್-ಅಪ್, ಅಂದ್ರೆ ತಾತ್ಕಾಲಿಕ ಸೈಕಲ್ ಲೇನ್ ಅಂತ ಮಾಡಿದರಲ್ಲ, ಅದನ್ನೇ ನಂಬಿ ಸೈಕಲ್ ತಗೊಂಡವಳು ನಾನು. ಕೋವಿಡ್ಡು, ರಸ್ತೆ ಖಾಲಿ, ಸ್ವರ್ಗ. ಆಫೀಸುಗಳು ತೆರೆದವು, ಲೇನ್ ಅಂಚಿನ ಗಿಡ್ಡ ಕಂಬಗಳನ್ನು (ಬೊಲ್ಲಾರ್ಡು) ಗಾಡಿಗಳು ಗುದ್ದಿ ಗುದ್ದಿ ಮಲಗಿಸಿದವು, ಲೇನಲ್ಲಿ ಬೈಕುಗಳು. ಆಮೇಲೆ ಮೆಟ್ರೋ ಕೆಲಸ ಬಂತು, ಲೇನೇ ಹೋಯಿತು. 38,500 ಕೊಟ್ಟ ಸೈಕಲ್ಲು, 2,200ರ ಲಾಕು, ಲೈಟು 1,900, ಮಳೆ ಜಾಕೆಟ್ 3,400. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಸೀಟು, ಸೀಟ್‌ಪೋಸ್ಟು ಕಳ್ಳತನ ಆಯಿತು, ಅದಕ್ಕೆ 2,750. ಸಿಸಿಟಿವಿ ಕೇಳಿದರೆ ಅಸೋಸಿಯೇಷನ್ನವರು "ಆ ಕಡೆ ಕ್ಯಾಮೆರಾ ತಿರುಗಿಲ್ಲ ಮೇಡಂ" ಅಂದರು.

ಈಗ ಬೆಳಿಗ್ಗೆ ಬೇಗ ಹೊರಟು ಎಚ್‌ಎಸ್‌ಆರ್ ಒಳಗಿನ ರಸ್ತೆಗಳಲ್ಲಿ ಇಬ್ಬಲೂರಿನ ತನಕ ಹೋಗ್ತೀನಿ, ರಿಂಗ್ ರೋಡ್ ಮುಟ್ಟೋದು ಕೊನೇ ಚೂರಿಗೆ ಮಾತ್ರ. ಬರುವಾಗ ಕತ್ತಲಾದರೆ ಬಸ್ಸು, ಅವತ್ತು ಸೈಕಲ್ ಆಫೀಸಲ್ಲೇ.

ಐಂಡ್‌ಹೋವನ್ ಕನ್ನಡಿಗ:
ನೆದರ್ಲೆಂಡ್ಸಿನಲ್ಲಿ ಕಾನೂನೇ ಬೇರೆ. ಕಾರಿಗೂ ಸೈಕಲ್ಲಿಗೂ ಡಿಕ್ಕಿಯಾದರೆ, ಸೈಕಲ್ ಸವಾರ 14 ವರ್ಷದೊಳಗಿನ ಮಗುವಾದರೆ ಹೆಚ್ಚುಕಮ್ಮಿ ಪೂರ್ತಿ ನಷ್ಟ ಕಾರಿನವರ ಇನ್ಶೂರೆನ್ಸಿನದು. ದೊಡ್ಡವರಾದರೆ, ಅವರದೂ ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧವಾದರೂ ಕೊಡಬೇಕು. ಕಾರಿನ ಬಾಗಿಲನ್ನು ದೂರದ ಕೈಯಿಂದ ತೆಗೆಯೋ ಅಭ್ಯಾಸವನ್ನು ಇಲ್ಲಿ ಬಹಳ ಜನ ಇಟ್ಟುಕೊಂಡಿದ್ದಾರೆ, ಆಗ ಮೈ ತಾನಾಗಿ ಹಿಂದಕ್ಕೆ ತಿರುಗುತ್ತೆ, ಬರುವ ಸೈಕಲ್ ಕಾಣುತ್ತೆ. ನಮ್ಮೂರಲ್ಲೂ ಇದನ್ನೆಲ್ಲಾ ತರಬೇಕು.

ಬಿಳಿ ಕಾರಿನವನು:
ಬಂದ್ರಪ್ಪ ಫಾರಿನ್ನವರು. ಅಲ್ಲಿ ಸೈಕಲ್ ತುಳೀತಾ ಫೋನ್ ಹಿಡಿದರೆ ಸೈಕಲ್ಲಿನವರಿಗೂ ದಂಡ ಹಾಕ್ತಾರಂತಲ್ಲ, ಅದನ್ನೂ ಹೇಳಿ.

ಐಂಡ್‌ಹೋವನ್ ಕನ್ನಡಿಗ:
ಹೌದು, 2019ರ ಜುಲೈಯಿಂದ. ರಾತ್ರಿ ದೀಪ ಇಲ್ಲದಿದ್ದರೂ ದಂಡ ಇದೆ. ನಾನು ಮುಚ್ಚಿಡಲಿಲ್ಲ, ನೀವು ಕೇಳಿರಲಿಲ್ಲ.

ಹಳೇ ಡೈನಮೋ:
ನೋಡಿದ್ರಾ? ಡೈನಮೋ ದಂಡ ನಮ್ಮಲ್ಲೇ ಮೊದಲು.

ಕೋರ್ಟ್ ಹಾಲ್:
ಐಂಡ್‌ಹೋವನ್ ತನಕ ಹೋಗೋದು ಬೇಡ. ನಮ್ಮ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 164ರಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಇದೆ. ಮೂಳೆ ಮುರಿತ ತೀವ್ರ ಗಾಯವೇ. ಗಾಡಿ ನಿಲ್ಲಿಸದೆ ಓಡಿಹೋಗಿ, ಯಾವ ಗಾಡಿ ಅಂತಲೇ ಪತ್ತೆಯಾಗದಿದ್ದರೆ ಬೇರೆ ಸ್ಕೀಮು, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಪ್ಲೇಟಿನವರು 164 ಬಿಟ್ಟು, ತಪ್ಪು ಸಾಬೀತು ಮಾಡಬೇಕಾದ 166ಕ್ಕೆ ಯಾಕೆ ಹೋದರೋ ಗೊತ್ತಾಗಲಿಲ್ಲ. ವರ್ಷಗಟ್ಟಲೆ ಅಲೀಬೇಕು.

ಪ್ಲೇಟ್ ಹಾಕಿಸ್ಕೊಂಡವನು:
ಯಾಕೆ ಅಂದ್ರೆ 164ರಲ್ಲಿ ಸೆಟ್ಲ್ ಮಾಡ್ಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತೆ. ನನಗೆ ಸಂಬಳ ಹೋಗಿದೆ, ಬಲಗೈ ಈಗಲೂ ಪೂರ್ತಿ ಮೇಲಕ್ಕೆ ಬರಲ್ಲ. ನಾನು ಫ್ರೀಲ್ಯಾನ್ಸು, ರಜೆ ಸಂಬಳ ಅಂತ ಯಾರೂ ಕೊಡಲ್ಲ. ಅಲ್ಲದೆ ಆ ಹುಡುಗನ ತಪ್ಪು ಅಂತ ಕೋರ್ಟ್ ಬರೆದುಕೊಡಬೇಕು ನನಗೆ. ವಕೀಲರು ಬಂದ ದುಡ್ಡಲ್ಲಿ 20% ಅಂದಿದ್ದಾರೆ, ಈಗ ಕೈಯಿಂದ ಏನೂ ಹಾಕ್ತಿಲ್ಲ.

ಕೋರ್ಟ್ ಹಾಲ್:
ಗೆದ್ದ ದುಡ್ಡಲ್ಲಿ ಪಾಲು ಅಂತ ಫೀಸು ಮಾತಾಡೋದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಇಷ್ಟು ಅಂತ ಫೀಸು ಬರೆಸ್ಕೊಳ್ಳಿ.

ಪ್ಲೇಟ್ ಹಾಕಿಸ್ಕೊಂಡವನು:
ನಿಯಮ ಹೇಳೋರು ಬಹಳ ಜನ ಇದಾರೆ. ಫೀಸಿಲ್ಲದೆ ಫೈಲ್ ಮುಟ್ಟೋರು ಎಷ್ಟು ಜನ? ನೀವು ಮುಟ್ತೀರಾ?

ನಾಲ್ಕನೇ ಬ್ಲಾಕ್:
ಜಯನಗರ ಅಂದ ಕೂಡಲೇ ಒಳಗೆ ಬಂದೆ. ನಮ್ಮ ಬೀದಿಗಳಲ್ಲಿ ಸೈಕಲ್ ಲೇನ್ ಅಂತ ಗೆರೆ ಎಳೆದಿದ್ದರು. ನಮ್ಮ ಮನೆ ಮುಂದೆ ನಾವು ಕಾರ್ ನಿಲ್ಲಿಸಬಾರದಂತೆ! ದಿನಕ್ಕೆ ಎಷ್ಟು ಸೈಕಲ್ ಹೋಗ್ತಿತ್ತು? ಪೇಪರ್ ಹುಡುಗ, ಎಳನೀರಿನವರು, ಅಷ್ಟೆ.

ಸಂಜೆ ಆರು ಗಂಟೆ:
ಪೇಪರ್ ಹುಡುಗನೂ ಎಳನೀರಿನವರೂ ಲೆಕ್ಕಕ್ಕಿಲ್ಲವಾ? ಅವರು ಸತ್ತರೆ ಯಾರ ಲೆಕ್ಕಕ್ಕೆ ಬರ್ತಾರೆ? ಸಾರ್ವಜನಿಕ ರಸ್ತೇಲಿ ನಿಮ್ಮ ಕಾರ್ ನಿಲ್ಲಿಸೋಕೆ ತಿಂಗಳಿಗೆ ಎಷ್ಟು ಬಾಡಿಗೆ ಕೊಡ್ತೀರ?

ನಾಲ್ಕನೇ ಬ್ಲಾಕ್:
ಪ್ರಾಪರ್ಟಿ ಟ್ಯಾಕ್ಸ್ 31,800 ಕಟ್ತೀನಿ ಮೇಡಂ, ರಸೀದಿ ತೋರಿಸಲಾ?

ಸಂಜೆ ಆರು ಗಂಟೆ:
ಕಾಂಪೌಂಡ್ ಒಳಗಿನ ಜಾಗಕ್ಕೆ ಕಟ್ತೀರಿ. ಹೊರಗಿನ ರಸ್ತೆಗಲ್ಲ.

ಮೈಸೂರು ಪೆಡಲ್:
ನಮ್ಮಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಬಂತು, ಬಾಡಿಗೆ ಸೈಕಲ್, ಅರಮನೆ ಸುತ್ತ ಆರಾಮಾಗಿ ಓಡಾಡಬಹುದು. ಬೆಂಗಳೂರಿನವರು ಸುಮ್ಮನೆ ಕಿರುಚಾಡ್ತೀರ. ಇಲ್ಲಿಗೆ ಬಂದುಬಿಡಿ.

ನಾಗರಬಾವಿ ಗೇರು:
ಬರಬಹುದು ಸಾರ್. ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟಿನಿಂದ ಬೈಕನ್ನೇ ಬಿಡ್ತಿಲ್ಲ, ಸೈಕಲ್ಲಲ್ಲಿ ಸರ್ವಿಸ್ ರೋಡ್ ಗುಂಡಿ ಎಣಿಸ್ಕೊಂಡು ಬರ್ತೀನಿ, ಕಾಫಿ ಮಾಡಿಟ್ಟಿರಿ.

ಹೊಸ ಹೈಬ್ರಿಡ್:
ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಆರು ಗಂಟೆಯವರೇ, ಎಚ್‌ಎಸ್‌ಆರ್ ಒಳದಾರಿ ನೋಡ್ತೀನಿ. ಕ್ಯಾಮೆರಾ ಬಗ್ಗೆ ಯಾರಾದರೂ?

ನಾಗರಬಾವಿ ಗೇರು:
ನಾನು ಹಾಕಿದೀನಿ, 11,600. ಮೆಮೊರಿ ಕಾರ್ಡ್ 1,350 ಬೇರೆ. ಹಾಕಿದ ಮೇಲೆ ಯಾರೂ ಕಟ್ ಹೊಡೆಯೋದು ಬಿಟ್ಟಿಲ್ಲ, ಆದರೆ ನಂಬರ್ ಪ್ಲೇಟ್ ಸಿಗುತ್ತೆ. ವಿಡಿಯೋ ಕಳಿಸಿದರೆ ಕೆಲವು ಸಲ ಕೇಸ್ ಹಾಕಿದ್ದಾರೆ, ಕೆಲವು ಸಲ "ಪ್ಲೇಟ್ ಸ್ಪಷ್ಟವಾಗಿಲ್ಲ". ಮಳೇಲಿ ಲೆನ್ಸ್ ಮೇಲೆ ಹನಿ ಕೂತರೆ ಏನೂ ಕಾಣಲ್ಲ.

ಹಾವೇರಿ ಹುಡುಗ:
ನನ್ನ ಕಾರಿನ್ಯಾಗೂ ಡ್ಯಾಶ್‌ಕ್ಯಾಮ್ ಹಾಕಿಸೀನ್ರಿ, 5,500. ಮುಂದಿಂದು ಅಷ್ಟ ಕಾಣತೈತಿ, ಎಡಗಡಿ ಬರೂ ಸೈಕಲ್ ಅದರಾಗೂ ಬರಂಗಿಲ್ಲ.

ಮಂಡಿ ನೋವು:
ಪ್ಲೇಟಿನವರೇ, ವಿಷಯ ಬೇರೆ, ಕ್ಷಮಿಸಿ. ನನಗೂ ಕಾಲರ್ ಬೋನ್ ಪ್ಲೇಟ್ ಇದೆ, ಬ್ಯಾಗ್ ಹಾಕ್ಕೊಂಡರೆ ಒತ್ತುತ್ತೆ. ನೀವು ತೆಗೆಸಿದ್ರಾ? ನನಗೆ 68,000 ಹೇಳ್ತಿದಾರೆ.

ಪ್ಲೇಟ್ ಹಾಕಿಸ್ಕೊಂಡವನು:
ಇಲ್ಲ. ಕೇಸ್ ಮುಗಿಯೋ ತನಕ ತೆಗೆಸಬೇಡಿ ಅಂದಿದ್ದಾರೆ ನಮ್ಮ ವಕೀಲರು. ತೆಗೆಸೋ ಖರ್ಚನ್ನೂ ಮುಂದಿನ ಚಿಕಿತ್ಸೆ ಅಂತ ಕ್ಲೇಮಿಗೆ ಸೇರಿಸಿದೀವಿ, ಡಾಕ್ಟರ ಹತ್ರ ಎಸ್ಟಿಮೇಟ್ ಬರೆಸಿ. ನಿಮ್ಮದು ಯಾವ ಕಡೆ, ಟೈಟೇನಿಯಮ್ಮಾ ಸ್ಟೀಲಾ?