ಹಬ್ ಮೋಟಾರ್‌ಗೆ ಹೊರಗಿನ ಕಂಟ್ರೋಲರ್: ಮಾಡಿದವರು ಅನುಭವ ಹೇಳಿ

ಹಡಪ್ಸರ್, ಪುಣೆ (ಕೇಳಿದವರು):

ನನ್ನ ಹತ್ತಿರ ಹಳೆಯ ಎಲೆಕ್ಟ್ರಿಕ್ ಸೈಕಲ್ ಒಂದಿದೆ. ಹಿಂದಿನ ಗಾಲಿಯಲ್ಲಿ 36 ವೋಲ್ಟ್, 250 ವಾಟ್‌ನ ಹಬ್ ಮೋಟಾರ್. ಗೇರ್ ಇಲ್ಲದ ದೊಡ್ಡ ಹಬ್. ಮೋಟಾರ್‌ಗೆ ಕರೆಂಟ್ ಹಂಚುವ ಬೋರ್ಡ್, ಅಂದರೆ ಕಂಟ್ರೋಲರ್, ಅದರ ಒಳಗೇ ಇದೆ. ಹೊರಗೆ ಬರುವುದು ಬ್ಯಾಟರಿಯ ಎರಡು ದಪ್ಪ ವೈರು, ಥ್ರಾಟಲ್‌ನ ಒಂದು ಸಣ್ಣ ಕೇಬಲ್, ಅಷ್ಟೇ. ಜುಲೈ ಮಳೆಯಲ್ಲಿ ಒಂದು ದಿನ ನಿಂತಿದ್ದು ಮತ್ತೆ ಓಡಿಲ್ಲ. ಬ್ಯಾಟರಿ 40 ವೋಲ್ಟ್ ತೋರಿಸುತ್ತಿದೆ. ರಿಪೇರಿ ಅಂಗಡಿಯವರು ಗಾಲಿಯನ್ನೇ ಬದಲಿಸಿ ಅನ್ನುತ್ತಾರೆ. ಇದೇ ಮೋಟಾರ್‌ಗೆ ಹೊರಗಿನಿಂದ ಬೇರೆ ಕಂಟ್ರೋಲರ್ ಹಾಕಬಹುದಾ? ನನಗೆ ಸೋಲ್ಡರಿಂಗ್ ಬರುತ್ತದೆ. ಮೋಟಾರ್ ಬಿಚ್ಚಿ ಗೊತ್ತಿಲ್ಲ.

ಚಿಂಚ್ವಡ್:

ಖಂಡಿತ ಆಗುತ್ತದೆ. ನಾನು ಎರಡು ಗಾಲಿಗೆ ಮಾಡಿದ್ದೇನೆ. ಒಂದು ನನ್ನದು, ಇನ್ನೊಂದು ಪಕ್ಕದ ಮನೆಯವರದು. ಒಳಗಿನ ಬೋರ್ಡ್ ಸುಟ್ಟರೂ ತಾಮ್ರದ ಸುತ್ತು, ಅಯಸ್ಕಾಂತ ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಗಾಲಿ ಬಿಸಾಡಬೇಡಿ.

ಬ್ಯಾಟರಿ ತೆಗೆದು ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ತಡೆದು ತಡೆದು ಬಿಗಿಯಾಗಿ ತಿರುಗಿದರೆ ಬೋರ್ಡ್‌ನ ಮಾಸ್ಫೆಟ್ (ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಶಾರ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಬಿಚ್ಚುವ ಮೊದಲು ಮುಚ್ಚಳಕ್ಕೂ ಹಬ್‌ಗೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ, ವಾಪಸ್ ಅದೇ ಜಾಗಕ್ಕೆ ಕೂರಬೇಕು. ಅಯಸ್ಕಾಂತದ ಎಳೆತ ಭಾರಿ ಇರುತ್ತದೆ. ಬೆರಳು ಎಲ್ಲಿದೆ ಅಂತ ನೋಡಿಕೊಂಡೇ ಎತ್ತಿ.

ಒಳಗೆ ಬೋರ್ಡ್‌ಗೆ ಮೂರು ದಪ್ಪ ತಂತಿ ಬೆಸೆದಿರುತ್ತವೆ. ಅವೇ ಫೇಸ್, ಸುತ್ತಿಗೆ ಕರೆಂಟ್ ಒಯ್ಯುವ ತಂತಿಗಳು. ಜೊತೆಗೆ ಸಣ್ಣ ಕನೆಕ್ಟರ್‌ನಲ್ಲಿ ಐದು ತೆಳು ವೈರು. ಅವು ಹಾಲ್ ಸೆನ್ಸರ್‌ನವು, ಅಯಸ್ಕಾಂತ ಎಲ್ಲಿದೆ ಅಂತ ಕಂಟ್ರೋಲರ್‌ಗೆ ತಿಳಿಸುವ ಸೆನ್ಸರ್: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಮೂರು ಸಿಗ್ನಲ್. ಬೋರ್ಡ್ ಬಿಡಿಸಿದ ಮೇಲೆ ಗಾಲಿ ಹಗುರಾಗಿ ತಿರುಗಬೇಕು. ಆಗ ಯಾವುದಾದರೂ ಎರಡು ಫೇಸ್ ಒಟ್ಟಿಗೆ ಮುಟ್ಟಿಸಿದರೆ ಬಿಗಿಯಾಗಬೇಕು. ಮೂರೂ ಜೋಡಿಗೆ ಒಂದೇ ಬಿಗಿ ಸಿಕ್ಕಿ, ಯಾವ ಫೇಸ್‌ಗೂ ಆಕ್ಸಲ್‌ಗೂ ಮಲ್ಟಿಮೀಟರ್ ಬೀಪ್ ಅಂತ ಕೂಗದಿದ್ದರೆ ಸುತ್ತು ಚೆನ್ನಾಗಿದೆ.

ಈಗ ನಿಜವಾದ ಕಷ್ಟ. ಅದು ಕಂಟ್ರೋಲರ್ ಅಲ್ಲ, ಆಕ್ಸಲ್‌ನ ತೂತು. ಮೊದಲು ಎರಡು ದಪ್ಪ, ಕೆಲವು ತೆಳು ವೈರು ಹೋಗುತ್ತಿದ್ದ ಜಾಗದಲ್ಲಿ ಈಗ ಮೂರು ದಪ್ಪ, ಐದು ತೆಳು ಹೋಗಬೇಕು. ನಾನು ಮೊದಲು ಸಿಲಿಕಾನ್ ವೈರು ತಂದೆ. ಅದರ ಹೊದಿಕೆಯೇ ದಪ್ಪ, ತೂರಲೇ ಇಲ್ಲ. ಬಲವಂತ ಮಾಡಿ ಎಳೆದೆ. ತೂತಿನ ಅಂಚು ಬ್ಲೇಡಿನ ಹಾಗೆ ಇತ್ತು, ಹಾಲ್‌ನ ಕೆಂಪು ವೈರು ಸೀಳಿಹೋಗಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ. ಪವರ್ ಕೊಟ್ಟ ಮೇಲೆ ಅದು ಫೇಸ್‌ಗೆ ತಗುಲಿ ಹೊಸ ಕಂಟ್ರೋಲರ್ ಅಲ್ಲೇ ಸತ್ತಿತು.

ಎರಡನೇ ಸಲ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋಗಿ ಟೆಫ್ಲಾನ್ ಹೊದಿಕೆಯ ವೈರು ತಂದೆ. ಹೊದಿಕೆ ತೆಳು, ಕಾವನ್ನೂ ಚೆನ್ನಾಗಿ ತಡೆಯುತ್ತದೆ. ಫೇಸ್‌ಗೆ 1.5 ಚದರ ಮಿಲಿಮೀಟರ್ ಹಾಕಿದೆ, 15 ಆಂಪಿಯರ್ ಕಂಟ್ರೋಲರ್‌ಗೆ ಸಾಕಾಯಿತು. ತೂತಿನ ಅಂಚನ್ನು ಸಣ್ಣ ದುಂಡು ಅರದಿಂದ ಉಜ್ಜಿ ನಯ ಮಾಡಿದೆ. ವೈರುಗಳ ತುದಿಯನ್ನು ಒಂದಕ್ಕಿಂತ ಒಂದು ಸ್ವಲ್ಪ ಹಿಂದೆ ಇಟ್ಟು ಟೇಪ್ ಸುತ್ತಿದರೆ ಮುಂಭಾಗ ಚೂಪಾಗುತ್ತದೆ. ಬ್ರೇಕ್ ಕೇಬಲ್‌ನ ಒಂದು ಎಳೆ ಕಟ್ಟಿ, ಮೇಲೆ ಪೌಡರ್ ಸವರಿ, ಕೈಗೆ ಬಳೆ ಏರಿಸಿದ ಹಾಗೆ ಸ್ವಲ್ಪ ಸ್ವಲ್ಪವೇ ಎಳೆದೆ. ಅರ್ಧ ಗಂಟೆ ಹಿಡಿಯಿತು. ಒಳಗಿನ ಬೆಸುಗೆಗಳನ್ನು ತಿರುಗುವ ಮುಚ್ಚಳಕ್ಕೆ ತಾಗದಂತೆ ಬಿಗಿಯಾಗಿ ಕಟ್ಟಿಹಾಕಿ.

ಡೊಂಬಿವಲಿ:

ಚಿಂಚ್ವಡ್‌ನವರು ಹೇಳಿದ್ದೆಲ್ಲ ಸರಿ. ನಾನು ಜೋಡಣೆಯ ವಿಷಯ ಹೇಳುತ್ತೇನೆ, ಯಾಕಂದ್ರೆ ಬಣ್ಣ ನಂಬಿ ಮೋಸ ಹೋದವನು ನಾನು. ಹಳದಿಗೆ ಹಳದಿ, ಹಸಿರಿಗೆ ಹಸಿರು ಸೇರಿಸಿದರೆ ಆಯಿತು ಅಂದುಕೊಂಡಿದ್ದೆ. ಬಣ್ಣದ ಕ್ರಮ ಎಲ್ಲ ಕಂಪನಿಗಳಲ್ಲೂ ಒಂದೇ ಇರುವುದಿಲ್ಲ.

ಫೇಸ್ ಜೋಡಿಸುವ ಮೊದಲು ಹಾಲ್ ಪರೀಕ್ಷೆ ಮಾಡಿ. ಹಾಲ್ ಕನೆಕ್ಟರ್ ಮಾತ್ರ ಕಂಟ್ರೋಲರ್‌ಗೆ ಹಾಕಿ ಪವರ್ ಕೊಡಿ. ಮೀಟರ್‌ನ ಕಪ್ಪು ಕಡ್ಡಿ ಗ್ರೌಂಡ್‌ಗೆ, ಕೆಂಪು ಕಡ್ಡಿ ಒಂದೊಂದೇ ಸಿಗ್ನಲ್‌ಗೆ. ಗಾಲಿ ನಿಧಾನ ತಿರುಗಿಸಿದಾಗ 0 ಮತ್ತು 5 ವೋಲ್ಟ್ ಹತ್ತಿರ ಹೋಗಿ ಬರುತ್ತಿರಬೇಕು. 120 ಡಿಗ್ರಿ ಮೋಟಾರ್‌ನಲ್ಲಿ (ಹಾಲ್ ಸಿಗ್ನಲ್‌ಗಳ ನಡುವೆ ಅಷ್ಟು ಅಂತರ ಇರುವುದು) ಮೂರೂ ಒಟ್ಟಿಗೆ 0 ಅಥವಾ ಮೂರೂ ಒಟ್ಟಿಗೆ 5 ಆಗಬಾರದು. ಒಂದು ಸಿಗ್ನಲ್ ಅಲುಗಾಡದೆ ನಿಂತಿದ್ದರೆ ಆ ಸೆನ್ಸರ್ ಹೋಗಿದೆ. ಮುಚ್ಚಳ ತೆಗೆದಿರುವಾಗಲೇ ಮೂರನ್ನೂ ಬದಲಿಸಿ. ಐದರ ಜೊತೆ ಆರನೆಯ ಬಿಳಿ ವೈರು ಇದ್ದರೆ ಅದು ವೇಗದ್ದೋ ಕಾವಿನದ್ದೋ ಸೆನ್ಸರ್, ಸದ್ಯಕ್ಕೆ ಟೇಪ್ ಸುತ್ತಿ ಬಿಡಿ.

ಮೂರು ಫೇಸ್, ಮೂರು ಹಾಲ್ ಸಿಗ್ನಲ್ ಸೇರಿ 36 ಜೋಡಣೆ ಆಗುತ್ತವೆ. ಸರಿಯಾದವು 6 ಮಾತ್ರ. ಅದರಲ್ಲಿ 3 ಮುಂದಕ್ಕೆ, 3 ಹಿಂದಕ್ಕೆ. ಹಾಲ್ ಮುಟ್ಟದೆ ಫೇಸ್ ಮಾತ್ರ ಬದಲಿಸುತ್ತಾ ಹೋದರೆ ಆರು ಪ್ರಯತ್ನದಲ್ಲಿ ಒಂದು ಸರಿ ಬರುತ್ತದೆ. ಅದು ಹಿಂದಕ್ಕೆ ತಿರುಗಿದರೆ ಎರಡು ಹಾಲ್ ಸಿಗ್ನಲ್ ಅದಲು ಬದಲು ಮಾಡಿ, ಮತ್ತೆ ಆರನ್ನೂ ನೋಡಬೇಕು.

ದಯವಿಟ್ಟು ಇದನ್ನು ಗಮನಿಸಿ: ತಪ್ಪು ಜೋಡಣೆಯಲ್ಲೂ ಕೆಲವೊಮ್ಮೆ ಗಾಲಿ ಓಡುತ್ತದೆ. ಗರಗರ ಸದ್ದು ಮಾಡುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಓಡಿತಲ್ಲ ಅಂತ ಹಾಗೇ ರಸ್ತೆಗೆ ತಂದರೆ ಮೋಟಾರ್ ಕಾದು, ಕಂಟ್ರೋಲರ್ ಸುಡುತ್ತದೆ. ಬ್ಯಾಟರಿ ದಾರಿಯಲ್ಲಿ ಆಂಪಿಯರ್ ಮೀಟರ್ ಇಟ್ಟೇ ನೋಡಿ. ಗಾಲಿ ಎತ್ತಿರುವಾಗ ಸರಿಯಾದ ಜೋಡಣೆ ಒಂದು ಆಂಪಿಯರ್ ಆಸುಪಾಸಿನಲ್ಲೇ ನಯವಾಗಿ ತಿರುಗುತ್ತದೆ.

ಮೊದಲ ಸಲ ಪವರ್ ಕೊಡುವಾಗ ಲಾರಿಯ 24 ವೋಲ್ಟ್ ಬಲ್ಬ್ ಎರಡನ್ನು ಬ್ಯಾಟರಿ ದಾರಿಯಲ್ಲಿ ಸರಣಿಯಾಗಿ ಹಾಕಿ. ಒಮ್ಮೆ ಹೊಳೆದು ಆರಿದರೆ ಕೆಪಾಸಿಟರ್ ತುಂಬಿತು, ಭಯವಿಲ್ಲ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೆ ಬಲ್ಬ್ ತೆಗೆದು 5 ಆಂಪಿಯರ್ ಫ್ಯೂಸ್ ಹಾಕಿ ಪ್ರಯತ್ನ ಮಾಡಿ. ಚೈನ್ ಇಳಿಸಿಡಿ. ಗಾಲಿ ಹಿಂದಕ್ಕೆ ತಿರುಗಿದರೆ ಪೆಡಲ್ ಬಂದು ಮೊಣಕಾಲಿಗೆ ಬಡಿಯುತ್ತದೆ.

ಕೊಥ್ರೂಡ್:

ಕಂಟ್ರೋಲರ್ ಸತ್ತ ಹಾಗೆ ಕಂಡರೆ ತೆಳು ಕೆಂಪು ಇಗ್ನಿಷನ್ ವೈರು ನೋಡಿ. ಅದನ್ನು ಕೀ ಮೂಲಕ ಬ್ಯಾಟರಿ ಪ್ಲಸ್‌ಗೆ ಕೊಡದಿದ್ದರೆ ಕಂಟ್ರೋಲರ್ ಏಳುವುದೇ ಇಲ್ಲ. ಎರಡು ಬಿಳಿ ಲರ್ನಿಂಗ್ ವೈರು ಇರುವ ಕಂಟ್ರೋಲರ್ ಸಿಕ್ಕರೆ ಅದನ್ನೇ ತನ್ನಿ, ಜೋಡಣೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹಾಲ್ ವೈರು ತೂರಲೇ ಇಲ್ಲ ಅಂದರೆ ಸೆನ್ಸರ್ ಬೇಡದ ಕಂಟ್ರೋಲರ್‌ಗೆ ಮೂರು ಫೇಸ್ ಸಾಕು, ಆದರೆ ಹೊರಡುವಾಗ ಒಂದೆರಡು ಪೆಡಲ್ ತುಳಿಯಬೇಕು. ಸುಮ್ನೆ ದೊಡ್ಡ ಕಂಟ್ರೋಲರ್ ಹಾಕುವ ಆಸೆ ಬೇಡ. ಮೋಟಾರು ವಾಹನ ನಿಯಮದಲ್ಲಿ 0.25 ಕಿಲೋವಾಟ್‌ಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗ ಇದ್ದರೆ ಮಾತ್ರ ಸೈಕಲ್‌ಗೆ ರಿಜಿಸ್ಟ್ರೇಷನ್ ವಿನಾಯಿತಿ.

ವಾಸ್ಕೊ, ಗೋವಾ:

ನಿಮ್ಮದು ಮಳೆಯಲ್ಲಿ ಹೋಗಿದ್ದು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಮಳೆಯ ಜೊತೆ ಉಪ್ಪುಗಾಳಿಯೂ ಇದೆ. ನೀರು ಕೇಬಲ್ ಹಿಡಿದುಕೊಂಡೇ ಇಳಿದು ಆಕ್ಸಲ್ ತೂತಿನಿಂದ ಒಳಗೆ ಹೋಗುತ್ತದೆ. ಕೇಬಲ್ ಆಕ್ಸಲ್‌ಗಿಂತ ಕೆಳಗೆ ಒಂದು ಬಳುಕು ಇಳಿದು ಮೇಲೆ ಬರಲಿ, ಹನಿ ಅಲ್ಲೇ ಉದುರುತ್ತದೆ. ತೂತಿನ ಬಾಯಿಗೆ ಸಿಲಿಕಾನ್ ಸೀಲೆಂಟ್ ಹಾಕಿ. ಕಂಟ್ರೋಲರ್‌ನ ವೈರುಗಳು ಕೆಳಮುಖ ಇರಲಿ.

ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫ್ರೇಮ್‌ಗೆ ಹಿಡಿದಿಡುವ ಪಟ್ಟಿ) ಇಲ್ಲದೆ ಓಡಿಸಬೇಡಿ. ನನ್ನ ಅಲ್ಯೂಮಿನಿಯಂ ಫ್ರೇಮ್‌ನಲ್ಲಿ ನಟ್ ಸ್ವಲ್ಪ ಸಡಿಲ ಇತ್ತು. ಏರು ರಸ್ತೆಯಲ್ಲಿ ಆಕ್ಸಲ್ ತಾನು ಕೂತಿದ್ದ ಫ್ರೇಮ್‌ನ ಖಾಂಚೆಯನ್ನೇ ಕೊರೆದು ಒಂದು ಸುತ್ತು ತಿರುಗಿತು, ಎಂಟೂ ವೈರು ಹಗ್ಗದ ಹಾಗೆ ಹೊಸೆದು ಕಿತ್ತುಬಂದವು.

ಹಡಪ್ಸರ್ (ಮೂರು ವಾರದ ನಂತರ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋರ್ಡ್ ಮೇಲೆ ಹಸಿರು ಕಿಲುಬು ಹಿಡಿದಿತ್ತು, ಎರಡು ಮಾಸ್ಫೆಟ್ ಶಾರ್ಟ್. ಸುತ್ತು, ಹಾಲ್ ಎರಡೂ ಚೆನ್ನಾಗಿದ್ದವು. ಬಲ್ಬ್ ಒಮ್ಮೆ ಮಿಂಚಿ ಆರಿದಾಗ ಜೀವ ಬಂದಂತಾಯಿತು. ಮೊದಲ ಜೋಡಣೆಯಲ್ಲೇ ಗಾಲಿ ಮುಂದಕ್ಕೆ ತಿರುಗಿತು, ಆದರೆ ಗರಗರ ಸದ್ದು, ಮೀಟರ್‌ನಲ್ಲಿ 4 ಆಂಪಿಯರ್. ನೀವು ಹೇಳದಿದ್ದರೆ ಅಷ್ಟಕ್ಕೇ ಬಿಡುತ್ತಿದ್ದೆ. ನಾಲ್ಕನೆಯದು ನಯವಾಗಿ ತಿರುಗಿತು, ಹಿಂದಕ್ಕೆ. ಹಾಲ್‌ನ ಹಳದಿ, ಹಸಿರು ಅದಲು ಬದಲು ಮಾಡಿ ಮತ್ತೆ ಶುರು ಮಾಡಿದೆ. ಎರಡನೆಯದಕ್ಕೇ ಸದ್ದಿಲ್ಲದೆ ಮುಂದಕ್ಕೆ, 0.8 ಆಂಪಿಯರ್. ಟಾರ್ಕ್ ಆರ್ಮ್‌ಗೆ ಲೇತ್ ಅಂಗಡಿಯಲ್ಲಿ ಉಕ್ಕಿನ ಪಟ್ಟಿ ಕೊಟ್ಟಿದ್ದೇನೆ, ಶನಿವಾರ ಸಿಗುತ್ತದೆ. ಅಲ್ಲಿಯವರೆಗೆ ಸೈಕಲ್ ಸ್ಟ್ಯಾಂಡ್ ಮೇಲೇ ಇದೆ.